ಹೊಸಕ್ಕಿಯೂ ಹಳೆಯ ಜೊಳ್ಳೂ

ಕ್ರೈಸ್ತ ಮತವು ಪರದೇಶದಿಂದ ಬಂದ ಸಸಿ, ಅದಕ್ಕೆ ಈ ಮಣ್ಣಿನಲ್ಲಿ ಬೇರಿಲ್ಲ ಎಂಬ ಮಾತನ್ನು ನಾವು ಆಗಾಗ ಕೇಳುವುದುಂಟು. ಅದಕ್ಕೆ ಉತ್ತರವನ್ನು ಶಾಸ್ತ್ರಗ್ರಂಥಗಳಲ್ಲಿ ಅರಸುವುದಕ್ಕಿಂತ ದಕ್ಷಿಣ ಕನ್ನಡದ ಕೊಂಕಣಿ ಕೆಥೋಲಿಕರ ಅಡಿಗೆಮನೆಯಲ್ಲಿ ಅರಸುವುದು ಲೇಸೆಂದು ನನಗೆ ತೋರುತ್ತದೆ. ಆ ಸಮಾಜದಲ್ಲಿಯೇ ಹುಟ್ಟಿ ಬೆಳೆದವನಾದುದರಿಂದ ಅದರ ಗುಣದೋಷಗಳೆರಡನ್ನೂ ಹೇಳುವ ಸಲುಗೆ ನನಗುಂಟು.

ಪ್ರತಿವರ್ಷ ಸೆಪ್ಟೆಂಬರ್ 8ರಂದು ಕನ್ಯಾಮರಿಯಮ್ಮನವರ ಜನ್ಮದಿನ. ನಮ್ಮವರು ಅದನ್ನು ಮೊಂತಿ ಹಬ್ಬವೆನ್ನುತ್ತಾರೆ. ಕನ್ನಡದಲ್ಲಿ ಅದು ತೆನೆಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ಕೊಯ್ದು ತಂದು ಬಾಲಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ಮನೆಯ ಹಿರಿಯರು ಆ ಕಾಳುಗಳನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಪ್ರಾರ್ಥನೆಯಾದ ಬಳಿಕ ಒಬ್ಬೊಬ್ಬರಿಗೂ ಕೊಡುತ್ತಾರೆ. ಅಂದಿನ ಊಟದಲ್ಲಿ ಮೀನಿಲ್ಲ, ಮಾಂಸವಿಲ್ಲ. ಬಾಳೆಯೆಲೆಯ ತುಂಬ ತರಕಾರಿಯ ಪದಾರ್ಥಗಳು. ತುಳುವ ನೆರೆಯವರು ಕದಿರನ್ನು ಮನೆಗೆ ತಂದು ಕಟ್ಟಿ ಹೊಸಕ್ಕಿಯ ಊಟಮಾಡುವುದೂ ಹೆಚ್ಚುಕಡಿಮೆ ಇದೇ ಋತುವಿನಲ್ಲಿ. ಪ್ರಾರ್ಥನೆಯ ಮಾತು ಬೇರೆಯಾದರೂ ಕೃತಜ್ಞತೆಗೆ ಕಾರಣವಾದ ಮಳೆ ಒಂದೇ.

ಮದುವೆಯ ಮುನ್ನಾದಿನ ವಧೂವರರಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ‘ರೋಸ್’ ಶಾಸ್ತ್ರವೂ, ಆಗ ಹೆಂಗಸರು ಹಾಡುವ ಓವಿಗಳೂ ಇಂಥವೇ. ಇವು ಸುಲಭವಾಗಿ ಉಳಿದುಬಂದವುಗಳಲ್ಲ. ನಮ್ಮಲ್ಲಿ ಅನೇಕರ ಪೂರ್ವಿಕರ ನಾಡಾದ ಗೋವೆಯಲ್ಲಿ ಇಂಕ್ವಿಜಿಷನ್ ಮಂಡಲಿಯು 1736ರಲ್ಲಿ ಆಜ್ಞೆ ಹೊರಡಿಸಿ, ಮದುವೆಯ ಅನೇಕ ದೇಶೀಯ ಆಚಾರಗಳನ್ನು ನಿಷೇಧಿಸಿತು. ಆಚಾರಗಳು ಅಡಗಿದವು, ಅಳಿಯಲಿಲ್ಲ. 1962ರಿಂದ 1965ರವರೆಗೆ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಲ್ಲಿ ಪೂಜೆ ನಡೆಸಲು ಎಡೆಮಾಡಿ, ಆಯಾ ಜನರ ಸಂಸ್ಕೃತಿಯನ್ನು ಮನ್ನಿಸಿತು. ಧರ್ಮಾಧಿಕಾರಿಗಳು ಬಹುಕಾಲದ ಮೇಲೆ ಒಪ್ಪಿದುದನ್ನು ನಮ್ಮ ಅಜ್ಜಿಯರು ಅದುವರೆಗೆ ಕಾಪಾಡಿಕೊಂಡು ಬಂದಿದ್ದರು.

ಆದರೆ ವಾಚಕರು ಇಷ್ಟಕ್ಕೇ ತೃಪ್ತರಾಗಬಾರದು. ಸಂಸ್ಕೃತಿಯ ಹೊರೆಯಲ್ಲಿ ಕಾಳಿನೊಡನೆ ಜೊಳ್ಳೂ ಬಂದಿತು. 1606ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ರಾಬರ್ಟ್ ಡಿ ನೊಬಿಲಿ ಕಾವಿಯುಟ್ಟು, ಮಾಂಸವನ್ನು ತ್ಯಜಿಸಿ, ತಮಿಳು ಸಂಸ್ಕೃತಗಳನ್ನು ಕಲಿತು, ಈ ದೇಶದ ಸಂನ್ಯಾಸಿಯಂತೆಯೇ ಬಾಳಿದನು. ಅವನ ಸಾಹಸ ದೊಡ್ಡದು. ಆದರೂ ಮೇಲುಜಾತಿಯವರನ್ನು ಒಲಿಸಿಕೊಳ್ಳಲೆಂದು ಕೀಳೆನಿಸಿಕೊಂಡವರಿಂದ ದೂರವಿರುವ ರೂಢಿಯನ್ನೂ ಅವನು ಸ್ವೀಕರಿಸಬೇಕಾಯಿತು. ನಮ್ಮ ಕರಾವಳಿಯ ಕ್ರೈಸ್ತರಲ್ಲಿಯೂ ಬಾಮಣ, ಚಾರಡಿ ಮೊದಲಾದ ಭೇದಗಳು ದೀಕ್ಷಾಸ್ನಾನದ ನೀರಿನಲ್ಲಿ ತೊಳೆದುಹೋಗಲಿಲ್ಲ. ಒಂದೇ ಇಗರ್ಜಿಯಲ್ಲಿ ಮೊಣಕಾಲೂರುತ್ತಿದ್ದ ಇಬ್ಬರು ತರುಣರ ಸಂಬಂಧವು ಇದೊಂದೇ ಕಾರಣದಿಂದ ಮುರಿದುಹೋದುದನ್ನು ನಾನು ನನ್ನ ಬಂಧುವರ್ಗದಲ್ಲಿಯೇ ಕಂಡಿದ್ದೇನೆ. ಬೇಡವೆಂದ ಹಿರಿಯರು ಭಕ್ತರು, ಉದಾರಿಗಳು. ತೆನೆಹಬ್ಬದಂದು ಹೊಸಕ್ಕಿಯ ಪಾಯಸವನ್ನು ಮಕ್ಕಳಿಗೂ ಆಳುಗಳಿಗೂ ಸಮನಾಗಿ ಬಡಿಸುತ್ತಿದ್ದುದು ಅವರ ಕೈಯೇ. ಹುಡುಗಿ ಅಳಲಿಲ್ಲ, ಆದರೆ ಮುಂದೆ ಹಲವು ವರ್ಷ ಆ ಮನೆಯ ಹಬ್ಬಕ್ಕೆ ಬರಲಿಲ್ಲ.

ಪರಂಪರೆಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗೆ ನನಗೆ ತೋರುವ ಅಳತೆಗೋಲು ಇಷ್ಟೆ: ನೆರೆಯವನೊಡನೆ ಒಂದೇ ಪಂಕ್ತಿಯಲ್ಲಿ ನಮ್ಮನ್ನು ಕೂಡಿಸುವುದು ಈ ನೆಲದ್ದಾದರೇನು, ಪರದೇಶದ್ದಾದರೇನು, ಅದು ಕ್ರಿಸ್ತನಿಗೆ ಸಮ್ಮತವಾದುದು. ಒಬ್ಬನನ್ನು ಪಂಕ್ತಿಯಿಂದ ಎಬ್ಬಿಸುವುದು ಎಷ್ಟೇ ಪುರಾತನವಾಗಿರಲಿ, ಅವನಿಗೆ ಅಸಮ್ಮತವಾದುದು.

ಇಂದು ನಮ್ಮಲ್ಲಿ ಅನೇಕರಿಗೆ ಗದ್ದೆಗಳಿಲ್ಲ. ಇಗರ್ಜಿಯಲ್ಲಿ ಕೊಟ್ಟ ತೆನೆಯೇ ನಮ್ಮ ಪಾಲಿನ ಸುಗ್ಗಿ. ಅದರ ಕಾಳನ್ನು ಬಿಡಿಸುವಾಗ ಜೊಳ್ಳನ್ನು ಊದಿ ಬಿಡುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಮಕ್ಕಳ ಮದುವೆಯ ಮಾತು ಬಂದಾಗಲೂ ನಮಗೆ ಆ ವಿವೇಕವಿರಲಿ.