ಕೇಳದೆ ಕೊಟ್ಟ ಮುಖ



ಮಗಳ ಮೇಲಿನ ಪ್ರೀತಿ ಒಬ್ಬ ತಂದೆಯನ್ನು ಎಲ್ಲಿಯವರೆಗೆ ಕೊಂಡೊಯ್ಯಬಹುದು? ಇದನ್ನು ಕೇಳುವ ಹಳೆಯ ಫ್ರೆಂಚ್ ಚಲನಚಿತ್ರವೊಂದಿದೆ. ಜಾರ್ಜ್ ಫ್ರಾಂಜು ನಿರ್ದೇಶಿಸಿದ, 1960ರಲ್ಲಿ ತೆರೆಕಂಡ ಆ ಚಿತ್ರದ ಹೆಸರನ್ನು ಕನ್ನಡಕ್ಕೆ ತಂದರೆ 'ಮುಖವಿಲ್ಲದ ಕಣ್ಣುಗಳು' ಎಂದಾಗುತ್ತದೆ. ಕಪ್ಪು ಬಿಳುಪಿನ ಚಿತ್ರ. ನೋಡಲು ಬಲು ಸುಂದರ, ಸಹಿಸಲು ಕಷ್ಟ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಆದರೆ ಹೆತ್ತವರು ಅದರ ಕಥೆಯನ್ನು ತಿಳಿದಿರುವುದು ಒಳ್ಳೆಯದು.

ಪ್ಯಾರಿಸಿನ ಹೊರವಲಯದಲ್ಲಿ ಜೆನೆಸ್ಸಿಯೆ ಎಂಬ ಹೆಸರಾಂತ ಶಸ್ತ್ರವೈದ್ಯ. ಆತನೇ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಮಗಳು ಕ್ರಿಸ್ಟಿಯಾನ್‌ಳ ಮುಖ ಹಾಳಾಗಿದೆ. ಬಿಳಿಯ ಮುಖವಾಡ ತೊಟ್ಟು ಆಕೆ ಆ ದೊಡ್ಡ ಮನೆಯಲ್ಲಿ ನೆರಳಿನಂತೆ ಓಡಾಡುತ್ತಾಳೆ. ವೈದ್ಯನ ಸಹಾಯಕಿ ಲೂಯಿಸ್ ಯುವತಿಯರನ್ನು ನಯವಾಗಿ ಮಾತನಾಡಿಸಿ ಕರೆತರುತ್ತಾಳೆ. ಆತ ಅವರ ಮುಖದ ಚರ್ಮವನ್ನು ಬಿಡಿಸಿ ಮಗಳಿಗೆ ಕಸಿ ಮಾಡಲು ಹೊರಡುತ್ತಾನೆ. ಲೂಯಿಸ್ ಏಕೆ ಇದಕ್ಕೆ ಒಪ್ಪಿದಳು? ಹಿಂದೊಮ್ಮೆ ಆಕೆಯ ಮುಖವನ್ನೂ ಇದೇ ವೈದ್ಯ ಸರಿಪಡಿಸಿದ್ದ. ಕೃತಜ್ಞತೆಯೂ ಕುರುಡಾಗಬಲ್ಲದು.

ನಮ್ಮ ಮನಸ್ಸನ್ನು ಹೆಚ್ಚು ಕಲಕಿದ್ದು ಶಸ್ತ್ರಚಿಕಿತ್ಸೆಯ ದೃಶ್ಯವಲ್ಲ, ಶವಾಗಾರದ ದೃಶ್ಯ. ನದಿಯಲ್ಲಿ ಸಿಕ್ಕ ಯುವತಿಯ ಶವವನ್ನು ಗುರುತಿಸಲು ಪೊಲೀಸರು ವೈದ್ಯನನ್ನು ಕರೆಸುತ್ತಾರೆ. ತಾನೇ ಬಲಿ ತೆಗೆದುಕೊಂಡ ಹುಡುಗಿ ಅವಳೆಂದು ಗೊತ್ತಿದ್ದೂ ಆತ ತನ್ನ ಮಗಳೇ ಎನ್ನುತ್ತಾನೆ. ಹೊರಗೆ, ಮಗಳು ಕಾಣೆಯಾಗಿರುವ ಇನ್ನೊಬ್ಬ ತಂದೆ ಕಾದಿದ್ದಾನೆ. ಸತ್ತವಳು ಅವನ ಮಗಳು. ನಿಮಗಾದರೋ ಇನ್ನೂ ಆಸೆಯಿದೆ ಎಂಬ ಅರ್ಥದ ಮಾತನ್ನು ವೈದ್ಯ ಅವನಿಗೆ ಹೇಳುತ್ತಾನೆ. ಆ ಬಡಪಾಯಿ ಸುಳ್ಳನ್ನು ನಂಬಿ ಹೊರಟುಹೋಗುತ್ತಾನೆ. ಬಳಿಕ ಅದೇ ಶವಕ್ಕೆ ಕ್ರಿಸ್ಟಿಯಾನ್‌ಳ ಹೆಸರಿನಲ್ಲಿ ಅಂತ್ಯಕ್ರಿಯೆಯೂ ನಡೆಯುತ್ತದೆ! ಇಬ್ಬರೂ ತಂದೆಯರೇ. ಒಬ್ಬನ ಪ್ರೀತಿಗೆ ಇನ್ನೊಬ್ಬನ ಮಗಳು ಬರಿಯ ಚರ್ಮವಾಗಿಬಿಟ್ಟಳು.

ಇಷ್ಟೆಲ್ಲ ಯಾರಿಗಾಗಿ? ಮಗಳಿಗಾಗಿ ಎಂದು ಆತ ಭಾವಿಸಿದ್ದಾನೆ. ಆಕೆಗೂ ಮುಖ ಬೇಕೆಂಬ ಆಸೆ ಇಲ್ಲದಿಲ್ಲ. ಆದರೆ ಈ ಬೆಲೆಗೆ ಬೇಕೇ ಎಂದು ಕೇಳಿದವರಿಲ್ಲ. ನೆಲಮನೆಯ ಗೂಡುಗಳಲ್ಲಿ ಪ್ರಯೋಗಕ್ಕೆಂದು ಕೂಡಿಹಾಕಿದ ನಾಯಿಗಳಿಗೂ ತನಗೂ ಅಂತರವಿಲ್ಲವೆಂದು ಆಕೆಗೆ ಮೆಲ್ಲನೆ ಅರ್ಥವಾಗುತ್ತದೆ. ತಂದೆಗೆ ಬೇಕಾದದ್ದು ತನ್ನ ತಪ್ಪಿನ ಗುರುತು ಅಳಿಸಿಹೋಗುವುದು ಎಂದೇ ನಮಗೆ ತೋರುತ್ತದೆ.

ಕಸಿ ಕೆಲವು ದಿನ ನಿಂತು, ಆಮೇಲೆ ಕೊಳೆಯತೊಡಗುತ್ತದೆ. ಇದು ಕಟ್ಟುಕಥೆಯಲ್ಲ. ನಮ್ಮ ದೇಹ ಅನ್ಯರ ಚರ್ಮವನ್ನು ಗುರುತಿಸಿ ಹೊರದೂಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸುಟ್ಟ ಗಾಯದ ಸೈನಿಕರಿಗೆ ಚಿಕಿತ್ಸೆ ನೀಡುತ್ತಾ ಇದನ್ನು ಕಣ್ಣಾರೆ ಕಂಡ ಜೋಸೆಫ್ ಮರ್ರೆ ಎಂಬ ಅಮೆರಿಕದ ವೈದ್ಯರು, 1954ರಲ್ಲಿ ಅವಳಿ ಸಹೋದರರ ನಡುವೆ ಮೂತ್ರಪಿಂಡದ ಕಸಿ ಮಾಡಿ ಯಶಸ್ವಿಯಾದರು. 1990ರಲ್ಲಿ ಅವರಿಗೆ ನೊಬೆಲ್ ಬಂತು.

ಮುಖದ ಕಸಿಯೂ ಕೊನೆಗೆ ನಿಜವಾಯಿತು, ಅದೂ ಫ್ರಾನ್ಸಿನಲ್ಲೇ. 2005ರ ನವೆಂಬರ್‌ನಲ್ಲಿ ಅಮಿಯೆನ್ಸ್ ನಗರದಲ್ಲಿ, ನಾಯಿ ಕಚ್ಚಿ ಮುಖ ಹರಿದುಹೋಗಿದ್ದ 38 ವರ್ಷದ ಮಹಿಳೆಗೆ ಮೂಗು, ತುಟಿ, ಗಲ್ಲಗಳನ್ನು ಕಸಿ ಮಾಡಲಾಯಿತು. ದಾನಿ ಮಿದುಳು ಸತ್ತ ಮಹಿಳೆ. ಆಕೆಯ ಮನೆಯವರು ಒಪ್ಪಿದ್ದರು. ಅಪಾಯಗಳನ್ನು ತಿಳಿದು ರೋಗಿಯೂ ಒಪ್ಪಿದ್ದರು. ಜೀವನಪೂರ್ತಿ ಔಷಧಿ ಸೇವಿಸಬೇಕಾಗಿದ್ದ ಅವರು 2016ರಲ್ಲಿ ತೀರಿಕೊಂಡರು. ಆ ಶಸ್ತ್ರಚಿಕಿತ್ಸೆ ಸರಿಯೇ ಎಂದು ಪಂಡಿತರು ಬಹಳ ವಾದಿಸಿದರು. ವಾದಿಸಲಿ, ಅದು ಬಚ್ಚಿಟ್ಟು ನಡೆದ ಕೆಲಸವಾಗಿರಲಿಲ್ಲ.

ನಾಜಿ ವೈದ್ಯರ ವಿಚಾರಣೆಯ ಬಳಿಕ 1947ರಲ್ಲಿ ರೂಪುಗೊಂಡ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶವೇ ಪ್ರಯೋಗಕ್ಕೊಳಗಾಗುವವರ ಸ್ವಂತ ಒಪ್ಪಿಗೆ. ಜಗದ್ಗುರು ಎರಡನೆಯ ಜಾನ್ ಪೌಲರು 2000ರ ಆಗಸ್ಟ್‌ನಲ್ಲಿ ರೋಮಿನಲ್ಲಿ ಸೇರಿದ್ದ ಅಂಗಾಂಗ ಕಸಿ ತಜ್ಞರಿಗೆ ಒತ್ತಿ ಹೇಳಿದ್ದರಲ್ಲಿಯೂ ಇದೇ ಮಾತಿತ್ತು. ಫ್ರಾಂಜು ಚಿತ್ರ ತೆಗೆದಾಗ ಸಂಹಿತೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ನೋಡುವವರಿಗೆ ಯುದ್ಧ ನೆನಪಾಗದಿರಲು ಸಾಧ್ಯವಿತ್ತೇ?

ಕೊನೆಗೆ ಮಗಳೇ ಮೇಜಿನ ಮೇಲೆ ಕಟ್ಟಿದ್ದ ಹುಡುಗಿಯನ್ನು ಬಿಡಿಸುತ್ತಾಳೆ. ಅಡ್ಡಬಂದ ಲೂಯಿಸ್‌ಳನ್ನು ಇರಿಯುತ್ತಾಳೆ; ಇದನ್ನು ನಾವು ಸಮರ್ಥಿಸಲಾರೆವು. ಆಮೇಲೆ ನಾಯಿಗಳ ಗೂಡು ತೆರೆಯುತ್ತಾಳೆ. ಅವು ತಂದೆಯ ಮೇಲೆರಗುತ್ತವೆ. ಪಾರಿವಾಳಗಳನ್ನೂ ಬಿಡುತ್ತಾಳೆ. ಆಕೆಗೆ ಹೊಸ ಮುಖ ಸಿಗಲಿಲ್ಲ. ಅದೇ ಬಿಳಿಯ ಮುಖವಾಡದಲ್ಲಿ, ಸುತ್ತ ಪಾರಿವಾಳಗಳು ಹಾರುತ್ತಿರಲು, ರಾತ್ರಿಯ ಮರಗಳ ನಡುವೆ ನಡೆದುಹೋಗುತ್ತಾಳೆ.