ಸ್ಕೂಲ್ ಡೇಗೆ ಕೈಜೋಡಿಸುವ ಪೋಷಕರಿಗೆ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ವಾರ್ಷಿಕೋತ್ಸವದ ತಯಾರಿ ಶುರು. ಶಿಕ್ಷಕರು ನಾಲ್ಕೈದು ಜನ, ಮಕ್ಕಳು ನೂರಾರು ಇರುವ ಊರಿನ ಶಾಲೆಯಲ್ಲಿ ಪೋಷಕರ ನೆರವಿಲ್ಲದೆ ಇದು ನಡೆಯುವ ಮಾತೇ ಅಲ್ಲ. ಆದರೆ ಆ ನೆರವು ಹೇಗಿರಬೇಕು ಎಂಬುದರಲ್ಲೇ ಹಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ: ಪೋಷಕರಿಂದ ಬೇಕಾಗಿರುವುದು ಚಂದಾ.

ವಾಸ್ತವ: ಹಣವೂ ಬೇಕು, ನಿಜ. ಆದರೆ ಚಂದಾ ಮಾತೇ ಮೊದಲು ಬಂದರೆ ಕೈಯಲ್ಲಿ ಕಾಸಿಲ್ಲದವರು ಸಭೆಗೇ ಬರುವುದಿಲ್ಲ. ಬಟ್ಟೆ ಹೊಲಿಯುವವರು, ವೈರಿಂಗ್ ಬಲ್ಲವರು, ಹೂ ಕಟ್ಟುವವರು, ತಮಟೆ ಬಾರಿಸುವವರು, ಸೋಬಾನೆ ಹಾಡುವ ಅಜ್ಜಿಯರು ಎಷ್ಟೋ ಸಲ ಆ ಮನೆಗಳಲ್ಲೇ ಇರುತ್ತಾರೆ. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅವರನ್ನು ಸಹಿಗಷ್ಟೇ ಕರೆಯುವುದು ಬೇಡ. ಯಾರಿಗೆ ಯಾವ ಕೆಲಸ ಬರುತ್ತದೆಂದು ಕೇಳಿ ಬರೆದುಕೊಳ್ಳಿ.

ತಪ್ಪು ಕಲ್ಪನೆ: ಚೆನ್ನಾಗಿ ಹಾಡಿ ಕುಣಿಯುವವರನ್ನಷ್ಟೇ ವೇದಿಕೆ ಹತ್ತಿಸಿದರೆ ಕಾರ್ಯಕ್ರಮ ಕಳೆಗಟ್ಟುತ್ತದೆ.

ವಾಸ್ತವ: ಆಯ್ಕೆಗೆಂದೇ ಪ್ರತಿಭಾ ಕಾರಂಜಿ ಇದೆ. ಅದು ಸ್ಪರ್ಧೆ; ಗೆದ್ದವರು ಕ್ಲಸ್ಟರ್‌ನಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೂ ಹೋಗುತ್ತಾರೆ. ಸ್ಕೂಲ್ ಡೇ ಎಲ್ಲ ಮಕ್ಕಳದು. ತೊದಲುವ ಹುಡುಗನೂ ಮೂವತ್ತು ಜನರ ಕೋಲಾಟದಲ್ಲಿ ಹೆಜ್ಜೆ ಹಾಕಬಲ್ಲ.

ತಪ್ಪು ಕಲ್ಪನೆ: ಐಟಂ ಹೆಚ್ಚಾದಷ್ಟೂ ಕಾರ್ಯಕ್ರಮ ಭರ್ಜರಿ.

ವಾಸ್ತವ: ಲೆಕ್ಕ ಹಾಕಿ ನೋಡಿ. ಒಂದು ಐಟಂಗೆ 4 ನಿಮಿಷ, ಒಂದು ತಂಡ ಇಳಿದು ಇನ್ನೊಂದು ಹತ್ತಲು 2 ನಿಮಿಷ. 40 ಐಟಂಗಳಿಗೆ 4 ಗಂಟೆ ಬೇಕು. ಅತಿಥಿಗಳ ಭಾಷಣ, ಸನ್ಮಾನ, ಬಹುಮಾನ ವಿತರಣೆಗೆ ಇನ್ನೊಂದು ಗಂಟೆ. ಸಂಜೆ 6ಕ್ಕೆ ಶುರುವಾದದ್ದು ಮುಗಿಯುವಾಗ ರಾತ್ರಿ 11. ಒಂದನೇ ತರಗತಿಯ ಮಗು ಅಷ್ಟರಲ್ಲಿ ಬಣ್ಣ ಹಚ್ಚಿದ ಮುಖದಲ್ಲೇ ನಿದ್ದೆ ಹೋಗಿರುತ್ತದೆ. ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ಬಯಲಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲ; ಅದಕ್ಕೆ ಮೊದಲು ಬಳಸಲೂ ಅನುಮತಿ ಪಡೆದಿರಬೇಕು. ಐಟಂಗಳನ್ನು 24ಕ್ಕೆ ಇಳಿಸಿ, ಭಾಷಣಗಳನ್ನು ಅರ್ಧ ಗಂಟೆಗೆ ನಿಲ್ಲಿಸಿದರೆ 9ಕ್ಕೆ ಮುಗಿಯುತ್ತದೆ. ಒಬ್ಬಿಬ್ಬರ ಐಟಂಗಳನ್ನು ಸೇರಿಸಿ ಗುಂಪಿನವು ಮಾಡಿದರೆ ಯಾವ ಮಗುವನ್ನೂ ಬಿಡಬೇಕಾಗಿಲ್ಲ.

ತಂಡ ಬದಲಾಗುವ ಆ 2 ನಿಮಿಷ ಮೀರದಂತೆ ನೋಡಿಕೊಳ್ಳುವುದೂ ಪೋಷಕರ ಕೈಯಲ್ಲಿದೆ. ಪ್ರತಿ ತರಗತಿಗೆ ಇಬ್ಬರು ಇರಲಿ: ಒಬ್ಬರು ಬಣ್ಣದ ಕೋಣೆಯಲ್ಲಿ ಸೂಜಿ-ದಾರ, ಪಿನ್ನು, ಕಾಡಿಗೆ ಹಿಡಿದು, ಇನ್ನೊಬ್ಬರು ಪರದೆಯ ಪಕ್ಕ, ಮುಂದಿನ ತಂಡವನ್ನು ಸಾಲಾಗಿ ನಿಲ್ಲಿಸಿಕೊಂಡು. ಪೆನ್‌ಡ್ರೈವ್‌ನಲ್ಲಿ ಹಾಡುಗಳಿಗೆ 01, 02 ಎಂದು ಕ್ರಮಸಂಖ್ಯೆ ಕೊಟ್ಟು ಮೈಕ್‌ಸೆಟ್ಟಿನವರಿಗೆ ಹಿಂದಿನ ದಿನವೇ ಕೊಡಿ. ಮೊಬೈಲಿನಿಂದ ಹಾಡು ಹಾಕಿದರೆ ಕುಣಿತದ ನಡುವೆ ಯಾರದೋ ಕರೆ ಬರುತ್ತದೆ.

ತಪ್ಪು ಕಲ್ಪನೆ: ಸಿನಿಮಾ ಹಾಡು ಬಳಸಲು ಕಂಪನಿಯ ಒಪ್ಪಿಗೆ ಬೇಕು.

ವಾಸ್ತವ: ಪ್ರೇಕ್ಷಕರು ಮಕ್ಕಳು, ಸಿಬ್ಬಂದಿ, ಪೋಷಕರು, ಶಾಲೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ ಶಾಲೆಯ ಚಟುವಟಿಕೆಗೆ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಟ್ಟಿದೆ. ಅದೇ ನೃತ್ಯವನ್ನು ಯೂಟ್ಯೂಬಿಗೆ ಹಾಕಿದರೆ ನೋಡುಗರು ಈ ಮಿತಿಯೊಳಗೆ ಉಳಿಯುವುದಿಲ್ಲ.

ತಪ್ಪು ಕಲ್ಪನೆ: ವಂದನಾರ್ಪಣೆಯಾದರೆ ಕೆಲಸ ಮುಗಿಯಿತು.

ವಾಸ್ತವ: ದೀಪಗಳು ಆರುತ್ತವೆ, ಜನ ಏಳುತ್ತಾರೆ, ಒಂದೇ ಬಗೆಯ ವೇಷದ ಮಕ್ಕಳು ಗುಂಪಿನಲ್ಲಿ ಕಲೆತುಹೋಗುತ್ತಾರೆ. ಮಗು ತಪ್ಪಿಸಿಕೊಳ್ಳುವ ಭಯ ಹೆಚ್ಚಿರುವುದು ಆಗಲೇ. ತರಗತಿವಾರು ಒಂದೊಂದು ಕೋಣೆ ಗೊತ್ತುಮಾಡಿ, ಮನೆಯವರ ಮುಖ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿಯೇ ಮಗುವನ್ನು ಕಳುಹಿಸಿ. ಕೊನೆಯ ಹೆಸರಿಗೆ ಗುರುತು ಬೀಳುವವರೆಗೆ ಸ್ವಯಂಸೇವಕರು ಯಾರೂ ಮನೆಗೆ ಹೊರಡಬೇಡಿ.