ಚರ್ಚಿನ ಕಿಟಕಿಯಲ್ಲಿ ಯಾರ ಸಂಕೇತ?

ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಬಣ್ಣದ ಗಾಜುಗಳನ್ನು ಎರಡನೇ ಮಹಾಯುದ್ಧದ ವೇಳೆ ಬಿಚ್ಚಿಟ್ಟು, 1947ರಲ್ಲಿ ಮತ್ತೆ ಕೂರಿಸಿದರು. ವರ್ಷ ನೋಡಿ! ದೇಶ ಸ್ವತಂತ್ರವಾಯ್ತು, ಗಾಜಿನ ಶೈಲಿ ಮಾತ್ರ ಯುರೋಪಿನದೇ ಉಳೀತು.

ಈ ಗಾಜು ಬರೀ ಅಲಂಕಾರ ಅಲ್ಲ. ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಯೇ ಚಿತ್ರದ ಗೆರೆ. ಬಣ್ಣಕ್ಕೆ ಜೀವ ಕೊಡೋದು ಬಿಸಿಲು. ಓದು ಬಾರದವರಿಗೂ ಅದು ಕಥೆ ಹೇಳುತ್ತೆ. ಹಾಗಾಗಿ ಅಲ್ಲಿ ಯಾವ ಸಂಕೇತ ಇರಬೇಕು ಅನ್ನೋದು ರಾಜಕೀಯದ ಪ್ರಶ್ನೆಯೂ ಹೌದು.

ಎರಡನೇ ವ್ಯಾಟಿಕನ್ ಪರಿಷತ್ತಿನ (1962-65) ನಂತರದ ದಶಕಗಳಲ್ಲಿ ಇದನ್ನು ಕೈಗೆತ್ತಿಕೊಂಡವರಲ್ಲಿ ಉತ್ತರ ಬೆಂಗಳೂರಿನ ಸಿಲ್ವೆಪುರದ ಕಲಾವಿದ ಜ್ಯೋತಿ ಸಾಹಿ ಪ್ರಮುಖರು. ತಾವರೆ, ದೀಪ, ಮರ, ಕುಣಿಯುವ ಕ್ರಿಸ್ತ. ನಗರದ ಎನ್‌ಬಿಸಿಎಲ್‌ಸಿ ಪ್ರಾರ್ಥನಾಲಯದ ಕಿಟಕಿ ಜಾಲರಿಗೆ ಇಂಥ ಸಂಕೇತ ಬಂದಾಗ, 'ಇದು ಹಿಂದೂಕರಣ' ಅಂತ ತಕರಾರು ತೆಗೆದವರು ಕ್ಯಾಥೊಲಿಕರೇ.

ದಲಿತ ಕ್ರೈಸ್ತರ ಆಕ್ಷೇಪ ಬೇರೆ. ನನಗೆ ಅದೇ ಹೆಚ್ಚು ತೂಕದ್ದು ಅನ್ಸುತ್ತೆ: 'ಭಾರತೀಯ' ಅಂದ್ರೆ ಓಂ, ತಾವರೆ ಅಷ್ಟೇನಾ? ತಮಟೆ ಎಲ್ಲಿ ಹೋಯ್ತು? ಸಾಹಿ 'ದಲಿತ ಮಡೋನ್ನಾ' ಅನ್ನೋ ಚಿತ್ರವನ್ನೂ ಬರೆದಿದ್ದಾರೆ. ಅದು ಸೇರಿರೋದು ಬ್ರಿಟನ್ನಿನ ಮೆಥಡಿಸ್ಟ್ ಕಲಾಸಂಗ್ರಹಕ್ಕೆ.